ನೀರಿನ ರಿಪೋರ್ಟು ಕೈಗೆ ಬಂತು, ಈಗ ಅದನ್ನ ಓದೋದು ಹೇಗೆ?

ಹೋದ ವಾರ ಶ್ರೀನಿವಾಸಪುರ ಕಡೆಯ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ದ. ಬೋರ್‌ವೆಲ್ ನೀರಿನ ಪರೀಕ್ಷಾ ವರದಿ. ಕೆಳಗೆ ಒಂದೇ ಸಾಲು: "ಅಣ್ಣಾ, ನೀರು ಚೆನ್ನಾಗಿದೆಯಾ?"

ನಾನು ವಾಪಸ್ ಕೇಳಿದೆ, "ಯಾವುದಕ್ಕೆ?"

ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ ವಾಯ್ಸ್ ಮೆಸೇಜ್ ಬಂತು. ಟೊಮೆಟೊ ಕೀಳೋದು ಮುಗಿದಿದೆ, ಅದೇ ಮಲ್ಚಿಂಗ್ ಶೀಟಿನ ಮೇಲೆ ಬೀನ್ಸ್ ಹಾಕೋಣ ಅಂತಿದ್ದಾನೆ. ಅದೇ ಬೋರಿನ ನೀರನ್ನ ಮನೆಯಲ್ಲೂ ಕುಡೀತಾರೆ. ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ ಎರಡು ತಿಂಗಳು.

ನೀರು ಒಂದೇ, ಕೆಲಸ ಮೂರು. ಟೊಮೆಟೊಗೆ ಪಾಸಾಗುವ ನೀರು ಬೀನ್ಸ್‌ಗೆ ಫೇಲಾಗಬಹುದು. ಎರಡೂ ಬೆಳೆಗೆ ಆಗುವ ನೀರು ಕೂಸಿನ ಹೊಟ್ಟೆಗೆ ಆಗದೇ ಇರಬಹುದು. ಆದ್ದರಿಂದ "ಚೆನ್ನಾಗಿದೆ", "ಚೆನ್ನಾಗಿಲ್ಲ" ಅಂತ ಒಂದೇ ಮಾತಲ್ಲಿ ಹೇಳಕ್ಕಾಗಲ್ಲ. ನಮ್ಮ ಜಿಲ್ಲೆಯಲ್ಲಿ ಬೋರು ಕೊರೆಸಿದ ದಿನ ಎಲ್ಲರೂ ಕೇಳೋದು ಎಷ್ಟು ಇಂಚು ನೀರು ಬಂತು ಅಂತ. ಎಂಥ ನೀರು ಬಂತು ಅಂತ ಕೇಳಿದವರನ್ನ ನಾನು ನೋಡಿದ್ದು ಬಹಳ ಕಡಿಮೆ. ಸಾವಿರ ಅಡಿ ದಾಟಿಸೋಕೆ ಲಕ್ಷಗಟ್ಟಲೆ ಸಾಲ ಮಾಡ್ತೀವಿ, ಒಂದು ಬಾಟಲ್ ನೀರು ಪರೀಕ್ಷೆಗೆ ಕೊಡೋಕೆ ಮಾತ್ರ ಟೈಮ್ ಇರಲ್ಲ.

ಆ ಹುಡುಗನ ಒಪ್ಪಿಗೆ ತಗೊಂಡೇ ಅವನ ರಿಪೋರ್ಟಿನ ಅಂಕಿಗಳನ್ನ ಇಲ್ಲಿ ಹಾಕ್ತಿದ್ದೀನಿ. ಪಿಎಚ್ 7.9. ಇಸಿ 1.6. ಬೈಕಾರ್ಬೊನೇಟ್ 8.0. ಕ್ಯಾಲ್ಸಿಯಂ ಮೆಗ್ನೀಷಿಯಂ ಎರಡೂ ಸೇರಿ 8.6. ಸೋಡಿಯಂ 7.2. ನೈಟ್ರೇಟ್ 56. ಫ್ಲೋರೈಡ್ 1.7. ನಿಮ್ಮ ಹತ್ರ ರಿಪೋರ್ಟ್ ಇದ್ದರೆ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಇಸಿ: ಮೊದಲು ಕಣ್ಣು ಹೋಗಬೇಕಾದ್ದು ಇಲ್ಲಿಗೆ

ಎಲ್ಲರೂ ಮೊದಲು ಪಿಎಚ್ ನೋಡ್ತಾರೆ. ಶಾಲೆಯಲ್ಲಿ ಲಿಟ್ಮಸ್ ಕಾಗದ ನೋಡಿದ ನೆನಪು ಇರಬೇಕು. 6.5ರಿಂದ 8.4ರ ಒಳಗೆ ಇದ್ದರೆ ಪಿಎಚ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಇಸಿ, ಅಂದ್ರೆ ವಿದ್ಯುತ್ ವಾಹಕತೆ. ನೀರಲ್ಲಿ ಕರಗಿದ ಲವಣ ಜಾಸ್ತಿ ಆದಷ್ಟೂ ಅದರಲ್ಲಿ ಕರೆಂಟ್ ಜಾಸ್ತಿ ಹರಿಯುತ್ತೆ. ಆ ಅಳತೆಯೇ ಇಸಿ. ಕೆಲವು ಲ್ಯಾಬ್‌ನವರು 1.6 ಅಂತ ಬರೀತಾರೆ, ಕೆಲವರು 1600 ಅಂತ ಬರೀತಾರೆ. ಎರಡೂ ಒಂದೇ, ಮೊದಲನೆಯದು ಡೆಸಿಸೀಮನ್ಸ್, ಎರಡನೆಯದು ಮೈಕ್ರೊಸೀಮನ್ಸ್. ಈ ಮೈಕ್ರೊಸೀಮನ್ಸ್ ಅಂಕಿಯನ್ನ 0.64ರಿಂದ ಗುಣಿಸಿದ್ರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಅಂತ ಅಂದಾಜು ಸಿಗುತ್ತೆ. ಟಿಡಿಎಸ್ ಅನ್ನೋದು ಅದೇ. ಈ ಹುಡುಗನ ನೀರಲ್ಲಿ ಅದು ಸುಮಾರು 1024.

ಲೀಟರಿಗೆ ಒಂದು ಗ್ರಾಂ ಉಪ್ಪು ಅಂದ್ರೆ ಏನೂ ಅಲ್ಲ ಅನ್ಸುತ್ತೆ. ಲೆಕ್ಕ ಹಾಕಿ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸೋಕೆ ಸುಮಾರು 1.03 ಲಕ್ಷ ಲೀಟರ್ ಬೇಕು. ಟೊಮೆಟೊ ಬೆಳೆಗೆ ಪೂರ್ತಿ ಅವಧಿಯಲ್ಲಿ 20 ಇಂಚು ಕೊಟ್ಟಿದ್ದೀವಿ ಅಂದುಕೊಳ್ಳಿ, 20 ಲಕ್ಷ ಲೀಟರ್ ದಾಟುತ್ತೆ. ಅದರ ಜೊತೆ ಆ ಒಂದು ಎಕರೆಗೆ ಬಂದು ಬಿದ್ದ ಲವಣ ಎರಡು ಟನ್ನಿಗೂ ಮೇಲೆ. ಒಂದೇ ಬೆಳೆಗೆ. ಟ್ರಾಕ್ಟರ್‌ನಲ್ಲಿ ತಂದು ಸುರಿದಿದ್ರೆ ಅಪ್ಪ ಕೋಲು ತಗೊಂಡು ಬರ್ತಿದ್ರು. ಡ್ರಿಪ್ ಪೈಪಲ್ಲಿ ಬಂದಿದ್ದಕ್ಕೆ ಯಾರಿಗೂ ಕಾಣಲಿಲ್ಲ.

ನೀರನ್ನ ಗಿಡ ಕುಡಿಯುತ್ತೆ, ಬಿಸಿಲು ಎಳಕೊಳ್ಳುತ್ತೆ, ಲವಣದ ಬಹುಪಾಲು ಮಣ್ಣಲ್ಲೇ ಉಳಿಯುತ್ತೆ. ಅದನ್ನ ತೊಳೆದು ಬೇರಿನಿಂದ ಕೆಳಗೆ ಕಳಿಸೋದು ಮಳೆ. ನಮ್ಮ ಕಡೆ ಬೀಳೋದು ವರ್ಷಕ್ಕೆ 700–750 ಮಿಲಿಮೀಟರ್ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಲ್ಚಿಂಗ್ ಶೀಟ್ ಹಾಸಿದ ಸಾಲಿಗೆ ಆ ಮಳೆಯೂ ನೇರವಾಗಿ ಬೀಳಲ್ಲ. ಪಾಲಿಹೌಸ್ ಒಳಗಂತೂ ಒಂದು ಹನಿಯೂ ಇಲ್ಲ. ಡ್ರಿಪ್‌ನ ಒದ್ದೆ ಜಾಗದ ಅಂಚಿನಲ್ಲಿ ಬಿಳೀ ಪುಡಿ ಥರ ಕಂಡಿದ್ದರೆ ಅದು ಇದೇ.

ಈಗ ಬೆಳೆಗೆ ಬರೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೆಳೆವಾರು ಪಟ್ಟಿ ಮಾಡಿಟ್ಟಿದೆ, ಯಾವ ಇಸಿ ತನಕ ಇಳುವರಿ ಕಮ್ಮಿ ಆಗಲ್ಲ ಅಂತ. ನೀರಿನ ಇಸಿ ಟೊಮೆಟೊಗೆ 1.7, ಸೌತೆಗೂ 1.7, ಎಲೆಕೋಸಿಗೆ 1.2, ಆಲೂಗಡ್ಡೆಗೆ 1.1, ದಪ್ಪ ಮೆಣಸಿನಕಾಯಿಗೆ 1.0. ಬೀನ್ಸ್ ಮತ್ತು ಕ್ಯಾರೆಟ್‌ಗೆ ಬರೀ 0.7. ಬೀಟ್‌ರೂಟ್ ಗಟ್ಟಿ ಕುಳ, 2.7 ತನಕ ತಡಕೊಳ್ಳುತ್ತೆ. ಹುಡುಗನ ನೀರು 1.6. ಟೊಮೆಟೊ ಚೆನ್ನಾಗಿ ಬಂದಿದ್ದು ಅದಕ್ಕೇ, ಗೆರೆಯಿಂದ ಕೂದಲೆಳೆ ಒಳಗಿದೆ. ಅದೇ ಪಟ್ಟಿ ಪ್ರಕಾರ 1.5 ಇಸಿಗೆ ಬೀನ್ಸ್ ಇಳುವರಿ ಕಾಲು ಭಾಗ ಹೋಗುತ್ತೆ. ಅದೂ ಹೊಸ ಮಣ್ಣಿನ ಲೆಕ್ಕ ಅಲ್ಲ ಅವನದು, ಟೊಮೆಟೊ ಬೆಳೆ ಬಿಟ್ಟುಹೋದ ಲವಣ ಶೀಟಿನ ಕೆಳಗೆ ಕಾದು ಕೂತಿದೆ.

ಹೆಚ್ಚು ನೀರು ಕೊಟ್ಟು ಲವಣ ತೊಳೆದುಬಿಡಬಹುದಲ್ಲಾ ಅಂತ ಕೇಳಬಹುದು. ಟೊಮೆಟೊ ಆದ್ರೆ ಈ ನೀರಲ್ಲಿ ಶೇ. 15ರಷ್ಟು ಹೆಚ್ಚುವರಿ ಸಾಕು. ಬೀನ್ಸ್‌ಗೆ ಲೆಕ್ಕ ಮಾಡಿದ್ರೆ ಕೊಡುವ ನೀರಲ್ಲಿ ಹತ್ತಿರ ಹತ್ತಿರ ಅರ್ಧ ತೊಳೆಯೋದಕ್ಕೇ ಹೋಗಬೇಕು. ಜಿಲ್ಲೆಯ ಎಲ್ಲ ತಾಲೂಕೂ ಅಂತರ್ಜಲದ ಅತಿ ಬಳಕೆ ಪಟ್ಟಿಯಲ್ಲಿದೆ, ಆ ನೀರು ಎಲ್ಲಿಂದ ತರೋದು?

ನಾನು ತೋಟಗಾರಿಕೆ ಓದಿ ಬಂದವನು. ಈ ಪಟ್ಟಿಯನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದ್ರೂ ಸಾವಯವ ಶುರು ಮಾಡಿದ ಮೊದಲ ವರ್ಷ ಬೀನ್ಸ್ ಹಾಕಿ ಎಲೆಯ ಅಂಚು ಸುಟ್ಟಹಾಗೆ ಆದಾಗ ರೋಗ ಅಂದುಕೊಂಡು ಎರಡು ಸಲ ಹುಳಿಮಜ್ಜಿಗೆ ಹೊಡೆದೆ. ನೀರು ಪರೀಕ್ಷೆ ಮಾಡಿಸಿದ್ದು ಬೆಳೆ ಹೋದ ಮೇಲೆ. ಮೇಲಿಂದ ಕೋಳಿಗೊಬ್ಬರ ಬೇರೆ ಧಾರಾಳವಾಗಿ ಹಾಕಿದ್ದೆ. ಕೋಳಿಗೊಬ್ಬರದಲ್ಲೂ ಲವಣ ಜಾಸ್ತಿ ಅನ್ನೋದು ಆಗ ತಲೆಗೆ ಹೊಳೀಲೇ ಇಲ್ಲ.

ಬೈಕಾರ್ಬೊನೇಟ್, ಸೋಡಿಯಂ

ಸೋಡಿಯಂ ಜಾಸ್ತಿ ಇದ್ದು ಕ್ಯಾಲ್ಸಿಯಂ ಕಮ್ಮಿ ಇದ್ದರೆ ಮಣ್ಣು ಗಟ್ಟಿಯಾಗುತ್ತೆ, ನೀರು ಇಂಗಲ್ಲ. ಅದನ್ನ ಅಳೆಯೋಕೆ ಎಸ್‌ಎಆರ್, ಆರ್‌ಎಸ್‌ಸಿ ಅಂತ ಎರಡು ಅಂಕಿ ಇವೆ. ಎಸ್‌ಎಆರ್ 10ರ ಕೆಳಗೆ, ಆರ್‌ಎಸ್‌ಸಿ 1.25ರ ಕೆಳಗೆ ಇದ್ದರೆ ನೆಮ್ಮದಿ. ಆರ್‌ಎಸ್‌ಸಿ 2.5 ದಾಟಿದ್ರೆ ಆ ನೀರನ್ನ ಜಿಪ್ಸಂ ಇಲ್ಲದೆ ಬಳಸಬೇಡಿ. ಆರ್‌ಎಸ್‌ಸಿ ನೀವೇ ಲೆಕ್ಕ ಹಾಕಬಹುದು: ಕಾರ್ಬೊನೇಟ್, ಬೈಕಾರ್ಬೊನೇಟ್ ಕೂಡಿಸಿ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಳೆಯಿರಿ. ಎಲ್ಲವೂ ಮಿಲಿಈಕ್ವಿವಲೆಂಟ್ ಲೆಕ್ಕದಲ್ಲೇ ಇರಬೇಕು. ನಮ್ಮ ಹುಡುಗನದು 8.0ರಲ್ಲಿ 8.6 ಕಳೆದರೆ ಸೊನ್ನೆಗಿಂತ ಕೆಳಗೆ. ಎಸ್‌ಎಆರ್ 3.5. ಎರಡೂ ಚಿಂತೆ ಇಲ್ಲ.

ಆದ್ರೆ ಬೈಕಾರ್ಬೊನೇಟ್ 8 ಅನ್ನೋದು ಡ್ರಿಪ್‌ಗೆ ಶತ್ರು. ಪೈಪು ಬಿಸಿಲಿಗೆ ಕಾದಾಗ ಸುಣ್ಣವಾಗಿ ಡ್ರಿಪ್ಪರ್ ಒಳಗೆ ಕೂತ್ಕೊಳ್ಳುತ್ತೆ. ಸಾಲಿನ ಕೊನೆಯ ಗಿಡಗಳು ಬಾಡಿದಾಗ ಮೋಟಾರ್ ಪ್ರೆಶರ್ ಸಾಲದು ಅಂತ ಅದನ್ನ ಬೈಕೋತೀವಿ. ಆಮ್ಲ ಬಿಟ್ಟು ಪೈಪು ತೊಳೆಯಬೇಕು. ನಾನು ಸಿಟ್ರಿಕ್ ಆಮ್ಲ ಬಳಸ್ತೀನಿ. ಯಾವ ಆಮ್ಲ ಆದ್ರೂ ಸರಿ, ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಬೇವಿನೆಣ್ಣೆಗೆ ಸೋಪು ಬೆರೆಸಿ ಹೊಡೆಯೋರಿಗೆ ಇನ್ನೊಂದು ಮಾತು: ಇಂಥ ಗಡಸು ನೀರಲ್ಲಿ ಸೋಪು ಮೊಸರು ಒಡೆದಹಾಗೆ ಒಡೆಯುತ್ತೆ, ಎಣ್ಣೆ ಮೇಲೆ ತೇಲುತ್ತೆ. ಸ್ಪ್ರೇಗೆ ಮಳೆನೀರು ಒಂದು ಡ್ರಮ್ ಹಿಡಿದಿಟ್ಟುಕೊಳ್ಳಿ.

ನೈಟ್ರೇಟ್: ಹೊಲಕ್ಕೆ ಗೊಬ್ಬರ, ಕೂಸಿಗೆ ವಿಷ

ನೈಟ್ರೇಟ್ 56. ಕುಡಿಯೋ ನೀರಿಗೆ ಭಾರತೀಯ ಮಾನಕ ಬ್ಯೂರೊ ಇಟ್ಟಿರೋ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕಿಂತ ಮೇಲೆ ವಿನಾಯಿತಿ ಇಲ್ಲ. ಬೇರೆ ನೀರು ಸಿಗದಿದ್ರೆ ಟಿಡಿಎಸ್‌ಗೆ 500ರಿಂದ 2000 ತನಕ ಸಡಿಲ ಕೊಟ್ಟಿದ್ದಾರೆ, ನೈಟ್ರೇಟ್‌ಗೆ ಕೊಟ್ಟಿಲ್ಲ. ಕಾರಣ ಹಸುಗೂಸುಗಳು. ಆರು ತಿಂಗಳ ಒಳಗಿನ ಮಗುವಿನ ಹೊಟ್ಟೆಗೆ ಇಂಥ ನೀರು ಹೋದ್ರೆ ನೈಟ್ರೇಟು ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಹೊರೋ ಶಕ್ತಿ ಕಳಕೊಳ್ಳುತ್ತೆ. ತುಟಿ, ಉಗುರು ನೀಲಿ ತಿರುಗುತ್ತೆ. ಹಾಗೆ ಕಂಡರೆ ಮನೆಮದ್ದು ಬೇಡ, ನೇರ ಆಸ್ಪತ್ರೆ.

ಎದೆಹಾಲು ಮಾತ್ರ ಕುಡಿಯೋ ಕೂಸಿಗೆ ಈ ಭಯ ಇಲ್ಲ. ಪುಡಿ ಹಾಲು ಕಲಸೋಕೆ, ಬಾಯಿಗೆ ಒಂದು ಗುಟುಕು ನೀರು ಹಾಕೋಕೆ ಈ ಬೋರಿನ ನೀರು ಬೇಡ ಅಂತ ಆ ರಾತ್ರಿಯೇ ಫೋನ್ ಮಾಡಿ ಹೇಳಿದೆ. ಅವನ ಅಮ್ಮ ಫೋನ್ ಇಸ್ಕೊಂಡು, "ನಾವು ಕಾಯಿಸಿ ಆರಿಸೇ ಕುಡಿಸ್ತೀವಿ ಕಣಪ್ಪಾ" ಅಂದ್ರು. ಬಹಳ ಮನೆಗಳಲ್ಲಿ ಇರೋ ನಂಬಿಕೆ ಇದು. ಕುದಿಸಿದ್ರೆ ರೋಗಾಣು ಸಾಯುತ್ತೆ, ಅದು ನಿಜ. ನೈಟ್ರೇಟ್, ಫ್ಲೋರೈಡ್ ಎಲ್ಲೂ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅವು ಇನ್ನೂ ಗಟ್ಟಿಯಾಗುತ್ತವೆ. ಫ್ಲೋರೈಡ್ ಮಿತಿ 1.0, ಬೇರೆ ನೀರು ಸಿಗದಿದ್ರೆ 1.5. ಇವನದು 1.7. ಬೆಳೆಗೆ ಇದರಿಂದ ತೊಂದರೆ ಇಲ್ಲ, ಮಕ್ಕಳ ಹಲ್ಲು, ಹಿರಿಯರ ಮೂಳೆಗೆ ಇದೆ. ನಮ್ಮ ಜಿಲ್ಲೆಯ ಆಳದ ಕಲ್ಲಿನ ಗುಣವೇ ಹಾಗೆ, ಇದಕ್ಕೆ ಯಾವ ಫ್ಯಾಕ್ಟರಿಯೂ ಕಾರಣ ಅಲ್ಲ. ಕುಡಿಯೋಕೆ ಊರಿನ ಶುದ್ಧ ನೀರಿನ ಘಟಕದಿಂದ ತರೋದು ಸದ್ಯಕ್ಕೆ ದಾರಿ, ಆ ಘಟಕದ ಫಿಲ್ಟರ್ ಯಾವಾಗ ಬದಲಾಯಿಸಿದ್ರು ಅಂತಲೂ ವಿಚಾರಿಸಿ.

ನೈಟ್ರೇಟ್ ಎಲ್ಲಿಂದ ಬಂತು? ಸಾಮಾನ್ಯವಾಗಿ ಮೂರು ಕಡೆಯಿಂದ: ಮಿತಿಮೀರಿದ ಗೊಬ್ಬರ, ಬೋರಿನ ಪಕ್ಕದ ತಿಪ್ಪೆ, ಶೌಚಾಲಯದ ಗುಂಡಿ. ಇವನ ಮನೆಯಲ್ಲಿ ನಾಲ್ಕು ಸೀಮೆಹಸು ಇವೆ, ತಿಪ್ಪೆ ಬೋರಿನಿಂದ ಇಪ್ಪತ್ತು ಹೆಜ್ಜೆ, ಅದೂ ಮೇಲ್ಗಡೆ. ಬೋರಿನ ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆಯೂ ಇಲ್ಲ. ಗಂಜಲ ಸೇರಿದ ಮಳೆನೀರು ಪೈಪಿನ ಪಕ್ಕದ ಸಂದಿಯಲ್ಲೇ ಇಳಿಯುತ್ತೆ. ತಿಪ್ಪೆಯನ್ನ ಇಳಿಜಾರಿನ ಕೆಳಗಡೆ, ಕನಿಷ್ಠ ನೂರು ಅಡಿ ದೂರ ಹಾಕಿ, ಮೇಲೆ ಗರಿಯೋ ಶೀಟೋ ಮುಚ್ಚಿ. ಗೊಬ್ಬರದ ಸಾರವೂ ಉಳಿಯುತ್ತೆ.

ಇದೇ ನೈಟ್ರೇಟ್ ಹೊಲದಲ್ಲಿ ದುಡ್ಡು. ಲೀಟರಿಗೆ 56 ಮಿಲಿಗ್ರಾಂ ನೈಟ್ರೇಟ್ ಅಂದ್ರೆ 12.6 ಮಿಲಿಗ್ರಾಂ ಸಾರಜನಕ. 20 ಇಂಚು ನೀರಿನ ಜೊತೆ ಎಕರೆಗೆ 26 ಕೆಜಿ ಸಾರಜನಕ ಬಂದಿರುತ್ತೆ. 45 ಕೆಜಿಯ ಯೂರಿಯಾ ಮೂಟೆ ಲೆಕ್ಕದಲ್ಲಿ ಒಂದೂಕಾಲು ಮೂಟೆ. ಅಂಗಡಿಯಿಂದ ತರುವ ಗೊಬ್ಬರದಲ್ಲಿ ಅಷ್ಟನ್ನ ಕಳೀಬಹುದು. ಕಳೆಯದೇ ಹಾಕಿದ್ರೆ ಗಿಡ ಬರೀ ಸೊಪ್ಪು ಬೆಳೆದು, ರಸ ಹೀರೋ ಹುಳಕ್ಕೆ ಊಟ ಹಾಕಿದಹಾಗೆ.

ಕೆರೆ ತುಂಬಿದ ಊರುಗಳ ಲೆಕ್ಕ

ಈ ಹುಡುಗನ ಹೊಲದ ಹತ್ರ ತುಂಬಿದ ಕೆರೆ ಇಲ್ಲ. ಕೋಲಾರ, ನರಸಾಪುರ ಸುತ್ತ ಮತ್ತು ಅಲ್ಲಿಂದ ಕೆಳಗಿನ ಕೆರೆಗಳ ಪಕ್ಕ ಇರೋರು ಇನ್ನೂ ಕೆಲವು ಅಂಕಿ ನೋಡಬೇಕು.

ಕೆ.ಸಿ. ವ್ಯಾಲಿ ಕಥೆ ನಿಮಗೆಲ್ಲ ಗೊತ್ತಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ನಮ್ಮ ನೂರಿಪ್ಪತ್ತಕ್ಕೂ ಹೆಚ್ಚು ಕೆರೆಗಳಿಗೆ ಹರಿಸೋ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜನ ಪೂಜೆ ಮಾಡಿ ಬಾಗಿನ ಕೊಟ್ಟರು. ಜುಲೈನಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ನೀರು ಹರಿಯಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ, ಮತ್ತೆ ತೆರವು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಅವತ್ತಿಂದ ಕೇಳ್ತಾನೇ ಇದ್ದಾರೆ.

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ವರ್ಷಗಟ್ಟಲೆ ಬತ್ತಿದ್ದ ಬೋರುಗಳಲ್ಲಿ ನೀರು ಬಂದಿದ್ದು ಸುಳ್ಳಲ್ಲ. ಮೂರನೇ ಹಂತ ಕೇಳೋದೂ ತಪ್ಪಲ್ಲ. ಆದ್ರೆ ಎರಡು ಪಕ್ಷದವರ ವಾಟ್ಸಾಪ್ ವಿಡಿಯೋ ನೋಡಿ ನಿಮ್ಮ ಬೋರಿನ ನೀರು ಹೇಗಿದೆ ಅಂತ ತಿಳಿಯಲ್ಲ. ಅದನ್ನ ನೀವೇ ಅಳೆಸಬೇಕು.

ಕೆರೆ ನೀರಲ್ಲಿ ನೋಡೋ ಅಂಕಿ ಬಿಒಡಿ. ನಮ್ಮ ಜೀವಾಮೃತದ ಡ್ರಮ್ ನೆನಪಿಸ್ಕೊಳ್ಳಿ. ಬೆಲ್ಲ, ಹಿಟ್ಟು, ಸಗಣಿ ಹಾಕಿದ ಮೇಲೆ ಸೂಕ್ಷ್ಮಜೀವಿಗಳು ಅದನ್ನ ತಿಂತಾ ಗಾಳಿಯ ಆಮ್ಲಜನಕ ಎಳಕೊಳ್ತವೆ. ಅದಕ್ಕೇ ದಿನಕ್ಕೆ ಎರಡು ಸಲ ಕೋಲು ಆಡಿಸೋದು. ಕೆರೆಗೆ ಕೊಳಚೆ ಬಿದ್ದಾಗಲೂ ಅದೇ ಆಗುತ್ತೆ, ಕೋಲು ಆಡಿಸೋರು ಮಾತ್ರ ಇಲ್ಲ. ನೀರಲ್ಲಿರೋ ಕೊಳೆ ತಿನ್ನೋಕೆ ಎಷ್ಟು ಆಮ್ಲಜನಕ ಬೇಕು ಅನ್ನೋದೇ ಬಿಒಡಿ. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಪ್ರಕಾರ ಮಹಾನಗರಗಳ ಶುದ್ಧೀಕರಣ ಘಟಕದಿಂದ ಹೊರಬೀಳೋ ನೀರಲ್ಲಿ ಅದು ಲೀಟರಿಗೆ 20 ಮಿಲಿಗ್ರಾಂ ದಾಟಬಾರದು, ಮಲದ ಕೋಲಿಫಾರ್ಮ್ 100 ಮಿಲಿಲೀಟರಿಗೆ 1000ಕ್ಕಿಂತ ಕಡಿಮೆ ಇರಬೇಕು.

ಇನ್ನೊಂದು, ಕರಗಿದ ಆಮ್ಲಜನಕ. ಮೀನು ಬದುಕೋಕೆ ಲೀಟರಿಗೆ 4 ಮಿಲಿಗ್ರಾಂ ಆದ್ರೂ ಬೇಕು. ಶುದ್ಧೀಕರಿಸಿದ ನೀರಲ್ಲೂ ಸಾರಜನಕ, ರಂಜಕ ಉಳಿದಿರುತ್ತೆ, ಅದಕ್ಕೇ ಕೆರೆ ಹಸಿರಾಗೋದು, ಅಂತರಗಂಗೆ ಕಳೆ ಹಬ್ಬೋದು. (ನಮ್ಮ ಬೆಟ್ಟದ ಪುಣ್ಯತೀರ್ಥಕ್ಕೂ ಈ ಕಳೆಗೂ ಒಂದೇ ಹೆಸರು, ಏನು ಮಾಡೋದು.) ಹಸಿರು ಪಾಚಿ ಹಗಲು ಆಮ್ಲಜನಕ ಕೊಡುತ್ತೆ, ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೀತಿದ್ರೆ, ಲ್ಯಾಬ್‌ಗೆ ಮೊದಲೇ ನಿಮಗೆ ರಿಪೋರ್ಟ್ ಸಿಕ್ಕಂತೆ.

ಕೆರೆಯಿಂದ ಬೋರಿಗೆ ಇಳಿಯುವಾಗ ಮಣ್ಣು ಕೊಳೆಯನ್ನ, ರೋಗಾಣುವನ್ನ ಬಹಳಷ್ಟು ಸೋಸುತ್ತೆ. ನೈಟ್ರೇಟ್, ಕ್ಲೋರೈಡ್, ಸೋಡಿಯಂ ಅಷ್ಟು ಸುಲಭವಾಗಿ ನಿಲ್ಲಲ್ಲ. ನಮ್ಮದು ಬಿರುಕು ಬಿಟ್ಟ ಬಂಡೆ ನೆಲ, ಕೆಲವು ಕಡೆ ಬಿರುಕಲ್ಲಿ ನೀರು ಸೋಸದೆ ನೇರ ಇಳಿಯುತ್ತೆ. ಕೆರೆ ಅಂಚಿನ ತೆರೆದ ಬಾವಿ, ಕಡಿಮೆ ಆಳದ ಬೋರು ಇರೋರು ಕೋಲಿಫಾರ್ಮ್ ಪರೀಕ್ಷೆ ತಪ್ಪಿಸಬೇಡಿ. ಕ್ಲೋರೈಡ್ ಒಂದು ಒಳ್ಳೆಯ ಗುರುತು: ವರ್ಷದಿಂದ ವರ್ಷಕ್ಕೆ ಏರ್ತಾ ಇದ್ರೆ ಹೊಸ ನೀರು ನಿಮ್ಮ ಬೋರಿಗೆ ಸೇರ್ತಿರೋ ಸೂಚನೆ. ಒಂದೇ ರಿಪೋರ್ಟಿಂದ ಇದು ಗೊತ್ತಾಗಲ್ಲ, ಎರಡು ಮೂರು ವರ್ಷದ್ದು ಫೋನ್‌ನಲ್ಲಿ ಒಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ.

ಕೆರೆಗೆ ನೇರ ಮೋಟಾರ್ ಇಡೋದಕ್ಕೆ ಅನುಮತಿ ಇಲ್ಲ, ಈ ನೀರು ಅಂತರ್ಜಲ ತುಂಬೋಕೆ ಮಾತ್ರ. ಆದ್ರೂ ಇಡ್ತಾರೆ, ನಾವೆಲ್ಲ ನೋಡಿದ್ದೀವಿ. ಕಾನೂನು ಒಂದು ಕಡೆ ಇರಲಿ, ಹಸಿಯಾಗಿ ತಿನ್ನೋ ಕೊತ್ತಂಬರಿ, ಪುದೀನ, ಮೂಲಂಗಿ, ಕ್ಯಾರೆಟ್‌ಗೆ ಆ ನೀರು ಹಾಯಿಸೋದು ತಿನ್ನೋರಿಗೆ ಅಪಾಯ. ಹಸಿ ತಿನ್ನೋ ಬೆಳೆಗೆ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ 100 ಮಿಲಿಲೀಟರಿಗೆ 1000 ಕೋಲಿಫಾರ್ಮ್ ಅಂತ ಗೆರೆ ಎಳೆದಿತ್ತು. ಹಾಗೇ ಮಾರ್ಕೆಟ್‌ಗೆ ಹೋಗೋ ಮುಂಚೆ ಸೊಪ್ಪಿನ ಕಂತೆಯನ್ನ ಕಾಲುವೆಯಲ್ಲಿ ಅದ್ದಿ ತೆಗೆಯೋ ಅಭ್ಯಾಸ ಬಿಡಬೇಕು. ಬೋರಿನ ಒಳ್ಳೆ ನೀರಲ್ಲಿ ಬೆಳೆದ ಸೊಪ್ಪು ಆ ಕೊನೆಯ ಐದು ನಿಮಿಷದಲ್ಲಿ ಕೆಡುತ್ತೆ.

ಮಾಲೂರು ಕಡೆ, ಕೈಗಾರಿಕಾ ಪ್ರದೇಶದ ಇಳಿಜಾರಿನಲ್ಲಿ ಹೊಲ ಇರೋರಿಗೆ ಒಂದು ಮಾತು: ಮಾಮೂಲಿ ನೀರಾವರಿ ರಿಪೋರ್ಟಿನಲ್ಲಿ ಭಾರಲೋಹ ಇರಲ್ಲ. ಕ್ರೋಮಿಯಂ, ಕ್ಯಾಡ್ಮಿಯಂ, ನಿಕ್ಕೆಲ್, ಸೀಸ ಅಂತ ಹೆಸರು ಹೇಳಿ ಕೇಳಬೇಕು, ದುಡ್ಡೂ ಜಾಸ್ತಿ. ನೀರಾವರಿಗೆ ಕ್ಯಾಡ್ಮಿಯಂ ಮಿತಿ 0.01, ಕ್ರೋಮಿಯಂ 0.1 ಮಿಲಿಗ್ರಾಂ. ನಾಲ್ಕೈದು ಜನ ಸೇರಿ ಒಂದು ಸ್ಯಾಂಪಲ್ ಕೊಟ್ಟರೆ ಭಾರ ಆಗಲ್ಲ. ಹಳ್ಳದ ನೀರಿನ ಬಣ್ಣ, ವಾಸನೆ ಇದ್ದಕ್ಕಿದ್ದಂತೆ ಬದಲಾದ್ರೆ ತಾರೀಖು, ಜಾಗ ಮೂಡೋ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೊ ತೆಗೀರಿ, ಅವತ್ತೇ ಒಂದು ಬಾಟಲ್ ನೀರು ಹಿಡೀರಿ, ಪಂಚಾಯ್ತಿ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಲಾರ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಬಾಯಿ ಮಾತಿನ ದೂರು ಮಳೆ ಬಂದು ಹಳ್ಳ ತೊಳೆದ ಮರುದಿನ ಮುಗಿದುಹೋಗುತ್ತೆ.

ನಮ್ಮ ಬದುವಿನಿಂದ ಹೋಗೋದು

ಬೆಂಗಳೂರಿನ ನೊರೆಗೆ ಬೈಯೋ ನಾವು, ರೇಟ್ ಬಿದ್ದಾಗ ಕ್ರೇಟುಗಟ್ಟಲೆ ಟೊಮೆಟೊ ಕೆರೆ ಅಂಗಳದಲ್ಲೋ ರಾಜಕಾಲುವೆ ಪಕ್ಕದಲ್ಲೋ ಸುರಿದು ಬರ್ತೀವಿ. ಕೊಳೆತ ಟೊಮೆಟೊ ರಸದ ಬಿಒಡಿ ಮನೆಯ ಕೊಳಚೆಗಿಂತ ಎಷ್ಟೋ ಪಟ್ಟು ಹೆಚ್ಚು. ಹೊಲದ ಮೂಲೆಯಲ್ಲಿ ಒಂದು ಪದರ ಒಣ ಸೊಪ್ಪುಸದೆ, ಒಂದು ಪದರ ಟೊಮೆಟೊ, ಮೇಲೆ ಸಗಣಿ ಬಗ್ಗಡ, ಹೀಗೆ ಹಾಕಿದ್ರೆ ಗೊಬ್ಬರ. ಬರೀ ಟೊಮೆಟೊ ರಾಶಿ ಹಾಕಿದ್ರೆ ನೀರು ಬಿಟ್ಟು ನಾರುತ್ತೆ, ಒಣ ಕಸ ಬೇಕೇ ಬೇಕು. ಊಜಿ ನೊಣ, ಸೊರಗು ರೋಗ ಬಂದ ಗಿಡಗಳನ್ನ ಮಾತ್ರ ಆ ರಾಶಿಗೆ ಸೇರಿಸಬೇಡಿ.

ಔಷಧಿ ಡಬ್ಬಿ ಇನ್ನೂ ಮುಖ್ಯ. ಖಾಲಿಯಾದ ಡಬ್ಬಿಯನ್ನ ಮೂರು ಸಲ ಗಲಗಲ ತೊಳೆದು ಆ ನೀರನ್ನ ಸ್ಪ್ರೇ ಟ್ಯಾಂಕಿಗೇ ಸುರೀರಿ. ಅದು ನೀವು ದುಡ್ಡು ಕೊಟ್ಟ ಔಷಧಿಯೇ. ಆಮೇಲೆ ಡಬ್ಬಿಗೆ ತೂತು ಹೊಡೆದು, ಯಾರೂ ಎಣ್ಣೆ ಹಾಕಿಡೋಕೆ ಒಯ್ಯದಹಾಗೆ ಮಾಡಿ, ಬೇರೆ ಚೀಲದಲ್ಲಿ ಕೂಡಿಡಿ. ಸ್ಪ್ರೇಯರ್ ತೊಳೆಯೋದು ಕೆರೆ ತೂಬಿನ ಹತ್ರ ಅಲ್ಲ, ಹೊಲದೊಳಗೆ.

ಮಲ್ಚಿಂಗ್ ಶೀಟ್ ವಿಷಯದಲ್ಲಿ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ. ತೆಳು ಶೀಟ್ ತೆಗೆಯುವಾಗ ಚೂರು ಚೂರಾಗಿ ಮಣ್ಣಲ್ಲೇ ಉಳಿಯುತ್ತೆ, ಗಾಳಿಗೆ ಹಾರಿ ಕೆರೆಗೆ ಹೋಗುತ್ತೆ, ಇಲ್ಲಾಂದ್ರೆ ಬದುವಿನ ಮೇಲೆ ಸುಡ್ತೀವಿ. ಮಣ್ಣು ಮೆತ್ತಿದ ಶೀಟನ್ನ ಗುಜರಿಯವರೂ ಮುಟ್ಟಲ್ಲ. ನಾನು ರಾಗಿ ಹುಲ್ಲು, ಭತ್ತದ ಹುಲ್ಲಿಗೆ ವಾಪಸ್ ಬಂದಿದ್ದೀನಿ, ಆದ್ರೆ ಐದು ಎಕರೆಗೆ ಹುಲ್ಲು ಎಲ್ಲಿಂದ ತರ್ಲಿ ಅಂತ ಕೇಳಿದ್ರೆ ನಿಮ್ಮ ಪ್ರಶ್ನೆ ಸರಿ. ಶೀಟ್ ಹಾಕೋದೇ ಆದ್ರೆ ದಪ್ಪದ್ದು ಹಾಕಿ, ಕೀಳುವಾಗ ಇಡಿಯಾಗಿ ಬರುತ್ತೆ.

ಸ್ಯಾಂಪಲ್ ತೆಗೆಯೋದು

ತಪ್ಪು ಸ್ಯಾಂಪಲ್‌ಗೆ ಸರಿಯಾದ ರಿಪೋರ್ಟ್ ಬರಲ್ಲ. ಬೋರನ್ನ ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿ. ತೊಟ್ಟಿಯಿಂದ, ಡ್ರಿಪ್ ತುದಿಯಿಂದ ಹಿಡೀಬೇಡಿ, ಪೈಪ್ ಬಾಯಿಂದಲೇ ಹಿಡೀರಿ. ಒಂದು ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲ್ ಸಾಕು, ಕೂಲ್‌ಡ್ರಿಂಕ್ಸ್ ಬಾಟಲ್ ಬೇಡ. ಅದೇ ನೀರಲ್ಲಿ ಮೂರು ಸಲ ತೊಳೆದು, ಗಾಳಿ ಇರದಹಾಗೆ ತುಂಬಿ ಮುಚ್ಚಿ. ಹೆಸರು, ಸರ್ವೆ ನಂಬರ್, ಬೋರಿನ ಆಳ, ತಾರೀಖು, ಯಾವ ಬೆಳೆಗೆ ಅಂತ ಚೀಟಿ ಅಂಟಿಸಿ. ಅವತ್ತೇ ಕೊಡಿ. ಕೋಲಿಫಾರ್ಮ್‌ಗೆ ಬಾಟಲ್ ಬೇರೆ, ಲ್ಯಾಬ್‌ನವರೇ ಕೊಡೋ ಕ್ರಿಮಿಶುದ್ಧ ಬಾಟಲ್‌ನಲ್ಲಿ ಹಿಡಿದು ಐಸ್‌ನಲ್ಲಿಟ್ಟು ಒಯ್ಯಬೇಕು, ಅದನ್ನ ತೊಳೆಯಬಾರದು.

ಹೊಲದ ನೀರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕುಡಿಯೋ ನೀರಿಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಇದೆ. ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇರುತ್ತೆ, ಫ್ಲೋರೈಡ್, ನೈಟ್ರೇಟ್ ಅಂದಾಜು ಅದರಲ್ಲೇ ತಿಳಿಯುತ್ತೆ, ಕೇಳಿದ್ರೆ ಬೀರುವಿನಿಂದ ಹೊರಗೆ ಬರುತ್ತೆ. ಆನ್‌ಲೈನ್‌ನಲ್ಲಿ ಸಿಗೋ ಟಿಡಿಎಸ್ ಪೆನ್ನು ತಗೊಳ್ಳಿ, ಬೇಸಿಗೆಯಲ್ಲಿ ಲವಣ ಏರೋದನ್ನ ತಿಂಗಳಿಗೊಮ್ಮೆ ನೋಡೋಕೆ ಒಳ್ಳೇದು. ಆದ್ರೆ ಅದಕ್ಕೆ ನೈಟ್ರೇಟು, ಫ್ಲೋರೈಡು, ರೋಗಾಣು ಯಾವುದೂ ಕಾಣಲ್ಲ. ಟಿಡಿಎಸ್ ಕಮ್ಮಿ ತೋರಿಸಿ ನೀರು ಶುದ್ಧ ಅನ್ನೋರನ್ನೂ, ಜಾಸ್ತಿ ತೋರಿಸಿ ಫಿಲ್ಟರ್ ಮಾರೋರನ್ನೂ ನಂಬಬೇಡಿ.

ಹುಡುಗ ಬೀನ್ಸ್ ಕೈಬಿಟ್ಟಿದ್ದಾನೆ. ಶೀಟ್ ತೆಗೆದು ಉಳುಮೆ ಮಾಡಿ ಮಳೆಗೆ ನೆಲ ಬಿಡ್ತಾನಂತೆ, ಆಮೇಲೆ ಬೀಟ್‌ರೂಟ್. ತಿಪ್ಪೆ ಜಾಗ ಬದಲಾಯಿಸೋಕೆ ಅಪ್ಪ ಇನ್ನೂ ಒಪ್ಪಿಲ್ಲ, ಅಮ್ಮ ಮಾತ್ರ ಕೂಸಿನ ನೀರು ಬೇರೆ ಕ್ಯಾನಲ್ಲಿ ತರಿಸ್ತಿದ್ದಾರೆ. ನವೆಂಬರ್‌ನಲ್ಲಿ ಇನ್ನೊಂದು ಸ್ಯಾಂಪಲ್ ಕೊಡ್ತಾನೆ, ಕ್ಲೋರೈಡ್ ಸೇರಿಸಿ.